ಯಜಮಾನರು ಬೀಳಬಾರದು

ನನ್ನ ಸೋದರತ್ತೆ ಸಾಕಿದ್ದು ಇಬ್ಬರನ್ನು. ಒಬ್ಬ ಗಂಡ, ಇನ್ನೊಂದು ಕುದುರೆ. ಗಂಡನನ್ನು ‘ಇವನು’ ಎನ್ನುತ್ತಿದ್ದಳು, ಕುದುರೆಯನ್ನು ‘ಯಜಮಾನ್ರು’ ಎನ್ನುತ್ತಿದ್ದಳು. ಮಾವ ಸಾಯುವವರೆಗೂ ಇದನ್ನು ನಗುತ್ತಲೇ ಸಹಿಸಿದರು. ಹಾಲಿನ ಗಾಡಿ ಎಳೆಯುವವನು ತಾನಲ್ಲವಲ್ಲ ಎಂಬ ಸಮಾಧಾನ ಅವರಿಗಿತ್ತು.

ಹತ್ತೊಂಬತ್ತು ವರ್ಷ ಅತ್ತೆ ಆ ಗಾಡಿಯಲ್ಲಿ ಬೀದಿಬೀದಿ ತಿರುಗಿ ಹಾಲು ಹಾಕಿದಳು. ಮನೆಯ ಮುಂದೆ ಕ್ಯಾನನ್ನು ಕಲ್ಲಿನ ಮೇಲೆ ಢಣ್ಣೆಂದು ಇಳಿಸಿದರೆ ಯಜಮಾನರು ಕದಲದೆ ನಿಲ್ಲಬೇಕು. ಹಾಲು ಅಳೆದು ಮುಚ್ಚಳ ಬಡಿದ ಮೇಲೆಯೇ ಮುಂದಿನ ಮನೆಗೆ ಹೆಜ್ಜೆ. ಕೆಲಸಕ್ಕೆ ಹೂಡಿದ ಮೊದಲ ವಾರ ಅವಸರಪಟ್ಟು ಗಾಡಿಯ ಚಕ್ರವನ್ನು ಅತ್ತೆಯ ಹೆಬ್ಬೆರಳಿನ ಮೇಲೆ ಹತ್ತಿಸಿದ್ದರು. ಆಮೇಲೆ ಒಂದು ದಿನವೂ ತಪ್ಪಲಿಲ್ಲ.

ಈಗ ಯಜಮಾನರಿಗೆ ಇಪ್ಪತ್ತೇಳು. ಗಾಡಿ ಬಿಟ್ಟು ನಾಲ್ಕು ವರ್ಷವಾಯಿತು. ಮಂಡಿಗಳಿಗೆಲ್ಲ ಸಂಧಿವಾತ, ಮಲಗಿದರೆ ಏಳಲಾರರು, ಹಾಗಾಗಿ ನಿಂತೇ ತೂಕಡಿಸುತ್ತಾರೆ. ಇಂಥ ಹೊತ್ತಿನಲ್ಲಿ ಲಾಯದ ಹಿಂದಿನ ಹೊಸ ಆಟದ ಮೈದಾನದವರು ಚೀಟಿ ಕಳಿಸಿದರು. ಉದ್ಘಾಟನೆಯಂತೆ, ಸಂಜೆ ಏಳರಿಂದ ಕಾಲು ಗಂಟೆ ಪಟಾಕಿಯಂತೆ. ಓದಿ ನನಗೆ ಮೈಯೆಲ್ಲ ಉರಿಯಿತು. ಚೆಂಡು ಒದೆಯುವುದಕ್ಕೆ ಇಷ್ಟು ಮದ್ದು ಯಾಕೆ ಸುಡಬೇಕು?

ಉದ್ಘಾಟನೆಯ ದಿನ ಪಶುವೈದ್ಯರು ಬೆಳಿಗ್ಗೆಯೇ ಬಂದು ಮಂಡಿಗಳನ್ನು ಮುಟ್ಟಿ ನೋಡಿದರು.

“ಬೇರೆ ಕಡೆ ಸಾಗಿಸೋಕಾಗಲ್ವಾ ಡಾಕ್ಟ್ರೇ?” ಅತ್ತೆ ಕೇಳಿದಳು.

“ಲಾರಿ ಹತ್ತೋ ಕಾಲಾ ಅಮ್ಮ ಇದು? ಮಂಪರಿನ ಮದ್ದು ಕೊಟ್ರೂ ಕಾಲು ಸೋತುಹೋಗುತ್ತೆ. ಕಟ್ಟಬೇಡಿ. ದೀಪ ಹಾಕಿಡಿ, ಹುಲ್ಲು ದಪ್ಪಗೆ ಹಾಸಿ. ಗಾಬರಿ ಬಿದ್ದಾಗ ಒಳಗೆ ಮಾತ್ರ ಹೋಗಬೇಡಿ, ಗೋಡೆಗೆ ಒತ್ತಿಬಿಡುತ್ತೆ.”

“ಬಿದ್ರೆ?”

ಡಾಕ್ಟರು ಚೀಲ ಮುಚ್ಚಿದರು. “ಬಿದ್ರೆ ಫೋನ್ ಮಾಡಿ, ಬರ್ತೀನಿ. ಆದ್ರೆ ಎಬ್ಬಿಸೋಕಲ್ಲ.”

ಅತ್ತೆ ಹೇಳಿದ್ದನ್ನೆಲ್ಲ ಮಾಡಿದಳು. ಅದರ ಮೇಲೆ ತನ್ನದೂ ಒಂದನ್ನು ಸೇರಿಸಿದಳು: ಲಾಯದ ಸುತ್ತ ಸದ್ದು ಮಾಡುವ ವಸ್ತು ಯಾವುದೂ ಇರಕೂಡದು. ಕಿಟಕಿಗೆ ಕಂಬಳಿ ಬಿತ್ತು, ಎದೆಯೆತ್ತರದ ಬಾಗಿಲಿಗೆ ಎಣ್ಣೆ ಬಿತ್ತು, ಬಾಗಿಲ ಈಚೆಗಿನ ಮೂಲೆಯ ಹಳೇ ಹಾಲಿನ ಕ್ಯಾನುಗಳ ಮೇಲೆ ಗೋಣಿತಾಟು ಬಿತ್ತು. ನಾನು ಒಮ್ಮೆ ಕೆಮ್ಮಿದ್ದಕ್ಕೆ ಬೈದು, ಚಪ್ಪಲಿ ಬಿಚ್ಚಿಸಿ ನಿಲ್ಲಿಸಿದಳು. ಐವತ್ತು ದಾಟಿದವನನ್ನು!

ಏಳಕ್ಕೆ ಸರಿಯಾಗಿ ಮೊದಲನೆಯದು ಸಿಡಿಯಿತು. ಆ ನಿಶ್ಶಬ್ದದಲ್ಲಿ ಅದು ಸೂರಿನೊಳಗೇ ಸಿಡಿದಂತಾಯಿತು. ಯಜಮಾನರ ಬಾಯಲ್ಲಿದ್ದ ಹುಲ್ಲು ಹಾಗೇ ನಿಂತಿತು. ಎರಡನೆಯದಕ್ಕೆ ತಲೆ ಎತ್ತಿದರು, ಕಣ್ಣಿನ ಬಿಳಿ ಕಂಡಿತು. ಮೂರನೆಯದಕ್ಕೆ ಗಕ್ಕನೆ ತಿರುಗಲು ಹೋಗಿ ಗೋಡೆಗೆ ಅಪ್ಪಳಿಸಿದರು. ಹಿಂಗಾಲು ಜಾರಿತು. ಹೇಗೋ ಸಾವರಿಸಿ ನಿಂತರು, ಮತ್ತೆ ಜಾರಿದರು.

ಅತ್ತೆ ಅಗುಳಿಗೆ ಕೈ ಹಾಕಿದಳು. ನಾನು ಅವಳ ರಟ್ಟೆ ಹಿಡಿದುಕೊಂಡೆ.

“ಬಿಡೋ ನನ್ನ! ಬೀಳ್ತಾರೆ!”

“ಒಳಗೆ ಹೋದ್ರೆ ನೀನೂ ಹೋಗ್ತೀಯ ಅತ್ತೆ!”

ಅವಳನ್ನು ಹಿಂದಕ್ಕೆ ಎಳೆಯುವ ರಭಸದಲ್ಲಿ ನನ್ನ ಹಿಮ್ಮಡಿ ಗೋಣಿತಾಟಿಗೆ ಸಿಕ್ಕಿತು. ಕ್ಯಾನೊಂದು ಉರುಳಿ ಚಪ್ಪಡಿಗೆ ಬಡಿದು ಢಣ್ಣೆಂದಿತು.

ಅತ್ತೆ ನನ್ನ ಚರ್ಮ ಸುಲಿಯುತ್ತಾಳೆ ಎಂದುಕೊಂಡೆ. ಆದರೆ ಒಳಗೆ ಗೊರಸಿನ ಸದ್ದು ನಿಂತಿತ್ತು. ಯಜಮಾನರ ಒಂದು ಕಿವಿ ನಮ್ಮ ಕಡೆ ತಿರುಗಿತ್ತು.

“ಅಯ್ಯೋ ನನ್ನ ಬುದ್ಧಿಗಿಷ್ಟು!” ಎಂದಳು ಅತ್ತೆ. “ಜೀವಮಾನವೆಲ್ಲ ಈ ಸದ್ದು ಕೇಳ್ಕೊಂಡೇ ನಿಂತವರು. ಇದನ್ನೇ ಮುಚ್ಚಿಟ್ನಲ್ಲೋ!”

ಇನ್ನೊಂದು ಕ್ಯಾನನ್ನು ಎರಡೂ ಕೈಯಲ್ಲಿ ಎತ್ತಿ ಕಲ್ಲಿಗೆ ಕುಕ್ಕಿದಳು. “ನಿಂತ್ಕೊಳ್ಳಿ ಯಜಮಾನ್ರೆ. ಹಾಲು ಇಳೀತಾ ಇದೆ.”

ಹೊರಗೆ ಮತ್ತೊಂದು ಸಿಡಿಯಿತು. ಯಜಮಾನರ ಮೈ ನಡುಗಿತು, ಕಾಲು ಕದಲಲಿಲ್ಲ. ನಾನೂ ಒಂದು ಕ್ಯಾನು ಹಿಡಿದುಕೊಂಡೆ. ಸದ್ದು ಇನ್ನಷ್ಟು ಆಗಲಿ ಎಂದು ಮುಚ್ಚಳಕ್ಕೆ ಕೈ ಹಾಕಿದಾಗ ಅತ್ತೆ ಗದರಿದಳು: “ಮುಚ್ಚಳ ಮುಟ್ಟೀಯ, ಜೋಕೆ! ಹೊರಟುಬಿಡ್ತಾರೆ.”

ಕಾಲು ಗಂಟೆ ಎಂದವರು ಅರ್ಧ ಗಂಟೆ ಹಾರಿಸಿದರು, ಅವರ ಮನೆ ಹಾಳಾಗ. ಅವರು ಸಿಡಿಸಿದಷ್ಟೂ ನಾವು ಕುಕ್ಕಿದೆವು. ಯಜಮಾನರ ಮಂಡಿಗಳು ಗಡಗಡ ಅದುರುತ್ತಿದ್ದವು, ಬೆವರು ಹೊಟ್ಟೆಯಿಂದ ತೊಟ್ಟಿಕ್ಕುತ್ತಿತ್ತು. ಇನ್ನು ಕುಸಿದರು, ಇನ್ನು ಕುಸಿದರು ಎಂದು ಪ್ರತಿ ಸಲವೂ ನಾನು ಕಣ್ಣು ಮುಚ್ಚಿದೆ. ಅತ್ತೆ ಮಾತ್ರ ಒಮ್ಮೆಯೂ ಮುಚ್ಚಲಿಲ್ಲ.

ಕೊನೆಗೆ ಹೊರಗೆ ಜನರ ಚಪ್ಪಾಳೆ ಕೇಳಿಸಿತು. ಆಮೇಲೂ ಅತ್ತೆ ಕುಕ್ಕುತ್ತಲೇ ಇದ್ದಳು. ಅಂಗೈ ಕಿತ್ತು ರಕ್ತ ಬಂದಿತ್ತು.

“ಮುಗೀತು ಅತ್ತೆ. ಸಾಕು.”

ಅವಳು ಬಹಳ ಹೊತ್ತು ಕಿವಿಗೊಟ್ಟು ನಿಂತಳು. ಆಮೇಲೆ ಮುಚ್ಚಳ ಎತ್ತಿ ಕ್ಯಾನಿನ ಬಾಯಿಗೆ ಬಡಿದಳು.

ಯಜಮಾನರು ಒಂದು ಹೆಜ್ಜೆ ಮುಂದಿಟ್ಟರು. ಮಂಡಿ ಬಾಗಿತು, ಸಾವರಿಸಿಕೊಂಡು ಇನ್ನೊಂದು ಹೆಜ್ಜೆ ಇಟ್ಟರು. ಎದೆ ಬಾಗಿಲಿಗೆ ತಾಗಿದ ಮೇಲೆ, ಅದನ್ನು ತೆಗೆಯಲಿ ಎಂದು ಕಾದು ನಿಂತರು. ಅತ್ತೆ ಆ ಕುತ್ತಿಗೆಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಮಾವ ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ.

“ಎಲ್ಲಾ ಮನೆಗೂ ಹಾಕಾಯ್ತು ಯಜಮಾನ್ರೆ,” ಎಂದಳು. “ಮುಂದೆ ಯಾವ ಮನೇನೂ ಇಲ್ಲ. ಇನ್ನು ನಿಂತ್ಕೊಳ್ಳಿ.”