ಎಂಟು ಕಿಲೋ ಅರವತ್ತು ಗ್ರಾಂ

ಹೋದ ವಾರ ನಾನು ಪಾಠ ಮಾಡುವ ಕಾಲೇಜಿನ ವರ್ಕ್‌ಶಾಪಿನ ಮುಂದೆ ಹಾದು ಹೋಗುತ್ತಿದ್ದೆ. ಒಳಗೆ ಯಾರೋ ಅಲ್ಯೂಮಿನಿಯಂ ಪಟ್ಟಿಗೆ ತೂತು ಕೊರೆಯುತ್ತಿದ್ದರು. ಬಿಸಿ ಲೋಹದ ಮೇಲೆ ಸೀಮೆಎಣ್ಣೆ ಬಿದ್ದಾಗ ಏಳುವ ಆ ವಾಸನೆ... ಹಾಜರಿ ಪುಸ್ತಕ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಕ್ಲಾಸಿಗೆ ಹೊತ್ತಾಗಿತ್ತು. ಮನಸ್ಸು ಮಾತ್ರ ಆಗಲೇ ಶಹಾಬಾದಿನ ಒಂದು ಲೇಥ್ ಅಂಗಡಿಗೆ ಹೋಗಿ ಕುಳಿತಿತ್ತು.

ಆ ಅಂಗಡಿಯವರನ್ನು ನಾವು ಚಾಚಾ ಅನ್ನುತ್ತಿದ್ದೆವು. ಊರಿನ ಕಲ್ಲು ಕೊಯ್ಯುವ ಮಷೀನು, ಪಾಲಿಶ್ ಮಷೀನುಗಳೆಲ್ಲ ಕೆಟ್ಟಾಗ ಅವರ ಬಳಿಗೇ ಬರುತ್ತಿದ್ದವು. ಆ ಸದ್ದಿನಲ್ಲೇ ವಯಸ್ಸು ಕಳೆದಿದ್ದರಿಂದ ಕಿವಿ ಮಂದವಾಗಿತ್ತು. ಹಾಗಾಗಿ ಗುಟ್ಟು ಹೇಳಿದರೂ ಎದುರಿನ ಕಿರಾಣಿ ಅಂಗಡಿಗೆ ಕೇಳಿಸುವಷ್ಟು ಜೋರಾಗಿ ಹೇಳುತ್ತಿದ್ದರು.

ಎರಡು ಸಾವಿರದ ದಶಕದ ಮೊದಲ ವರ್ಷಗಳು. ನಾನು ಶಹಾಬಾದಿನಿಂದ ಓಡಾಡಿಕೊಂಡು ಗುಲ್ಬರ್ಗಾದಲ್ಲಿ ಡಿಪ್ಲೊಮಾ ಓದುತ್ತಿದ್ದೆ. ರೈಲಿನಲ್ಲಿ ದಿನಾ ಜೊತೆಯಾಗುತ್ತಿದ್ದ ಇಬ್ಬರು ಗೆಳತಿಯರಿದ್ದರು, ಒಬ್ಬಳು ವಾಡಿಯವಳು, ಇನ್ನೊಬ್ಬಳು ಚಿತ್ತಾಪುರದವಳು. ಗುಲ್ಬರ್ಗಾದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ರೋಬೋಟ್ ಸ್ಪರ್ಧೆ ಇದೆಯೆಂದು ತಿಳಿದು ಮೂವರೂ ಹೆಸರು ಕೊಟ್ಟೆವು. ರೋಬೋಟ್ ಇಳಿಜಾರು ಏರಿ, ಮರದ ದಿಮ್ಮಿಗಳನ್ನು ತಳ್ಳಿ ಆಚೆ ಬೀಳಿಸಬೇಕು, ಅಷ್ಟೇ. ನಮ್ಮ ಡಿಪ್ಲೊಮಾ ಕಾಲೇಜಿನ ವರ್ಕ್‌ಶಾಪನ್ನು ಹುಡುಗರ ತಂಡಗಳು ಹಿಡಿದುಕೊಂಡಿದ್ದವು. ಕಡೆಗೆ ಚಾಚಾನ ಅಂಗಡಿಗೆ ಹೋದೆವು.

ನಾವು ಬರೆದಿದ್ದ ರೋಬೋಟಿನ ಚಿತ್ರ ನೋಡಿ ಅವರು ಕೇಳಿದ ಪ್ರಶ್ನೆ ಒಂದೇ.

"ಇದು ಕಲ್ಲು ಕೊಯ್ತದೇನು?"

"ಇಲ್ಲ ಚಾಚಾ. ದಿಮ್ಮಿ ತಳ್ತದ."

"ತಳ್ಳಲಿ. ನಾನು ಮಾಡಿದ್ದು ಏನ್ ಬೇಕಾದ್ರೂ ತಳ್ತದ."

ಮಾಡಿದರು ಕೂಡ. ಕಬ್ಬಿಣದ ಆ್ಯಂಗಲ್ ಬೆಸೆದು ಚೌಕಟ್ಟು ಮಾಡಿದರು. ನಾಲ್ಕು ಗಾಲಿಗಳನ್ನು ಲೇಥಿನಲ್ಲಿ ತಾವೇ ಕಡೆದು ಕನ್ನಡಿಯಂತೆ ಹೊಳಪು ಕೊಟ್ಟರು. ಹಳೆಯ ಲಾರಿಯ ವೈಪರ್ ಮೋಟಾರು ಕೂರಿಸಿ, ಬ್ಯಾಟರಿ ಜೋಡಿಸಿ ಗುಂಡಿ ಒತ್ತಿದಾಗ ಅದು ಅಂಗಡಿಯ ಹಾಸುಗಲ್ಲಿನ ಮೇಲೆ ಗುರ್ರೆಂದು ಓಡಿತು. ಚಾಚಾ ಅದರ ಮೇಲೆ ಒಂದು ಕಾಲಿಟ್ಟು ನಿಂತು, "ಮುರಿತದೇನು? ಮುರಿಯಂಗಿಲ್ಲ!" ಎಂದು ನಕ್ಕರು.

ಸ್ಪರ್ಧೆಗೆ ಹತ್ತು ದಿನ ಇರುವಾಗ ವಾಡಿಯವಳು ಮುಖ ಸಣ್ಣ ಮಾಡಿಕೊಂಡು ಬಂದಳು. ನಿಯಮಗಳ ಹಾಳೆಯ ಒಂದೇ ಮಗ್ಗುಲನ್ನು ಅವಳು ಝೆರಾಕ್ಸ್ ಮಾಡಿಸಿದ್ದಳು. ಹಿಂದಿನ ಮಗ್ಗುಲಲ್ಲಿ ಒಂದು ಸಾಲಿತ್ತು: ಯಂತ್ರದ ತೂಕ ಎಂಟು ಕಿಲೋ ಮೀರಬಾರದು.

ಎದುರಿನ ಕಿರಾಣಿ ಸೇಠ್ ಸಕ್ಕರೆ ತೂಗುವ ದೊಡ್ಡ ತಕ್ಕಡಿಯಲ್ಲಿ ನಮ್ಮ ರೋಬೋಟನ್ನು ಕೂರಿಸಿದೆವು. ಹನ್ನೊಂದು ಕಿಲೋ, ಮೇಲೆ ಮತ್ತಷ್ಟು.

ಚಾಚಾನಿಗೆ ಹೇಳಿದಾಗ ಅವರು ಮುಖ ಗಂಟಿಕ್ಕಿದರು. "ವಜನ್ ಇಲ್ಲದ ಮಷೀನ್ ಕುಣೀತದ ಬೇಟಿ. ನಲವತ್ತು ವರ್ಷ ಆತು, ಮಷೀನ್ ಕುಣೀಬಾರ್ದು ಅಂತ್ಲೇ ನಾನು ವಜನ್ ಹಾಕ್ಲಿಕತ್ತೀನಿ. ಈಗ ನೀವು ಬಂದು ತಗೀರಿ ಅಂತೀರಿ..." ಎಂದವರು ಬೇರೆ ಕೆಲಸಕ್ಕೆ ತಿರುಗಿಕೊಂಡರು. ಎರಡು ದಿನ ನಮ್ಮೊಂದಿಗೆ ಮಾತೇ ಆಡಲಿಲ್ಲ. ಕಥೆ ಮುಗಿಯಿತು ಅಂದುಕೊಂಡೆವು.

ಮೂರನೆಯ ದಿನ ಕಾಲೇಜಿನಿಂದ ಬರುವಾಗ ಅಂಗಡಿಯಿಂದಲೇ ಕೂಗಿದರು, "ಬರ್ರಿ, ಬರ್ರಿ!" ನೆಲದ ಮೇಲೆ ಅಲ್ಯೂಮಿನಿಯಂ ಕಿಟಕಿಯ ಚೌಕಟ್ಟು ಬಿದ್ದಿತ್ತು. ಅಂಗಡಿಯ ಹಿಂದಿದ್ದ ಅವರ ಮನೆಯ ಕಿಟಕಿಯನ್ನೇ ಕಿತ್ತು ತಂದಿದ್ದರು! ಒಳಗಿನಿಂದ ಚಾಚಿಯ ಬೈಗುಳ ಕೇಳಿಸುತ್ತಿತ್ತು. ಚಾಚಾನ ಮಂದ ಕಿವಿ ಅಂದು ಇನ್ನೂ ಮಂದವಾಗಿತ್ತು.

ಅಲ್ಲಿಂದ ಒಂದು ವಾರ ನಾವು ಪಟ್ಟ ಸಂತೋಷ ಹೇಳತೀರದು. ಅಲ್ಯೂಮಿನಿಯಂಗೆ ಅವರ ವೆಲ್ಡಿಂಗ್ ಹಿಡಿಯುತ್ತಿರಲಿಲ್ಲ. ತೂತು ಕೊರೆದು ನಟ್ಟು ಬೋಲ್ಟು ಹಾಕಬೇಕಿತ್ತು. ಈ ಸಲ ಡ್ರಿಲ್ಲು, ಗರಗಸ ಎರಡನ್ನೂ ನಮ್ಮ ಕೈಗೇ ಕೊಟ್ಟರು. ಪಟ್ಟಿಯ ಮೇಲೆ ಬೆರಳ ಗೆಣ್ಣಿನಿಂದ ಬಡಿದು, "ಇಲ್ಲಿ ತಾಕತ್ತು ಅದ, ಮುಟ್ಟಬ್ಯಾಡ್ರಿ. ಇಲ್ಲಿ ಬರೇ ಭಾರ ಅದ, ಕೊರೀರಿ" ಎಂದು ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದರು. ಕೊನೆಗೆ ಉಳಿದದ್ದು ಅವರ ಹೊಳೆಯುವ ಗಾಲಿಗಳು. ಅವುಗಳ ಬಗ್ಗೆ ಬಾಯಿ ಬಿಡಲು ನಮಗೆ ಧೈರ್ಯವಾಗಲಿಲ್ಲ. ಅವರೇ ಒಂದೊಂದನ್ನೂ ಲೇಥಿಗೆ ಕಟ್ಟಿ, ಒಳಗಿನ ಕಬ್ಬಿಣವನ್ನೆಲ್ಲ ಕೆತ್ತಿ ತೆಗೆದು ಬಳೆಯಷ್ಟು ತೆಳ್ಳಗೆ ಮಾಡಿದರು. ಆಮೇಲೆ ಒಂದನ್ನು ಅಂಗೈಯಲ್ಲಿ ತೂಗಿ ನೋಡಿ, "ಅರೇ, ಮೊದಲಿಗಿಂತ ಚೆಂದ ಕಾಣ್ತದಲ್ಲಾ!" ಅಂದರು.

ಸೇಠ್‌ನ ತಕ್ಕಡಿಯಲ್ಲಿ ಎಂಟು ಕಿಲೋ ತೂಕದ ಕಲ್ಲಿಗೆ ಸರಿಯಾಗಿ ನಿಂತಿತು. ಸ್ಪರ್ಧೆಯ ದಿನ ಚಾಚಾ ಅಂಗಡಿಗೆ ಬೀಗ ಹಾಕಿ, ಇಸ್ತ್ರಿಯ ಬಿಳಿ ಶರ್ಟು ತೊಟ್ಟು ನಮ್ಮೊಂದಿಗೆ ಪ್ಯಾಸೆಂಜರ್ ಹತ್ತಿದರು.

ಕಾಲೇಜಿನ ಎಲೆಕ್ಟ್ರಾನಿಕ್ ತಕ್ಕಡಿ ಬೇರೆಯದೇ ಹೇಳಿತು. ಎಂಟು ಕಿಲೋ ಅರವತ್ತು ಗ್ರಾಂ.

"ಸೇಠ್‌ನ ಕಲ್ಲಿಗಿ ಬೆಲ್ಲ ಮೆತ್ಯದ!" ನೋಡುವವರನ್ನು ತಡೆಯಲು ಕಟ್ಟಿದ್ದ ಹಗ್ಗದ ಆಚೆಯಿಂದ ಚಾಚಾ ಕೂಗಿದರು. "ಇಷ್ಟ್ ವರ್ಷ ಊರಿಗೆಲ್ಲ ಜಾಸ್ತೀನೇ ತೂಗಿ ಕೊಟ್ಟಾನ, ಪಾಪ!"

ಸುತ್ತಲಿನವರು ನಕ್ಕರು. ನಮಗೆ ಅಳು ಬಂದಿತ್ತು. ತೂಕ ಇಳಿಸಲು ಅರ್ಧ ಗಂಟೆ ಕೊಟ್ಟರು. ಚಾಚಾ ಹಗ್ಗ ದಾಟಿ ಬರಹೋದರು. ವಿದ್ಯಾರ್ಥಿಗಳಲ್ಲದೆ ಬೇರೆ ಯಾರೂ ಯಂತ್ರ ಮುಟ್ಟುವಂತಿಲ್ಲ ಎಂದು ಸಂಘಟಕರೊಬ್ಬರು ತಡೆದರು. ಚಾಚಾ ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ನಾನು ಅವರ ಮುಖ ನೋಡಿದೆ. ಅವರು ಇಷ್ಟೇ ಅಂದರು:

"ನನ್ನ ಮಾರಿ ಏನ್ ನೋಡ್ತಿ? ಮಷೀನ್ ನೋಡು."

ನೋಡಿದೆ. ಗೆಣ್ಣಿನಿಂದ ಒಂದೊಂದೇ ಕಡೆ ಬಡಿಯುತ್ತಾ ಹೋದೆ. ಪಟ್ಟಿಗಳಲ್ಲಿ ಇನ್ನು ಕೊರೆಯುವ ಜಾಗ ಇರಲಿಲ್ಲ. ಆಗ ಬೆರಳಿಗೆ ಏನೋ ಚುಚ್ಚಿತು. ಬೋಲ್ಟಿನ ತುದಿ! ಸಣ್ಣ ಬೋಲ್ಟು ಸಿಗದೆ ನಾವು ಉದ್ದನೆಯವನ್ನೇ ಹಾಕಿದ್ದೆವು. ಒಂದೊಂದೂ ನಟ್ಟಿನಾಚೆ ಬೆರಳ ಗೆಣ್ಣಿನಷ್ಟು ಉದ್ದ ಹೊರಗೆ ಚಾಚಿತ್ತು. ಎಣಿಸಿದೆ. ಹದಿನೆಂಟು.

"ಬಾಲ ಕೊಯ್ಯೋಣೇನು, ಚಾಚಾ?"

ಅವರ ಬಾಯಿ ಕಿವಿಯ ತನಕ ಅಗಲವಾಯಿತು.

ಇಬ್ಬರು ಯಂತ್ರವನ್ನು ಅದುಮಿ ಹಿಡಿದರು, ನಾನು ಗರಗಸ ಎಳೆದೆ. ಕೈ ಸೋತಾಗ ಚಿತ್ತಾಪುರದವಳು, ಅವಳ ನಂತರ ವಾಡಿಯವಳು. ಹದಿನೆಂಟನೆಯ ತುಂಡು ನೆಲಕ್ಕೆ ಟಣ್ ಎಂದು ಬಿದ್ದಾಗ ಎರಡು ನಿಮಿಷ ಉಳಿದಿತ್ತು. ಮತ್ತೆ ತಕ್ಕಡಿ. ಏಳು ಕಿಲೋ ಒಂಬೈನೂರ ತೊಂಬತ್ತೆರಡು. ಆ ಸಭಾಂಗಣದಲ್ಲಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಸೀಟಿ ಹೊಡೆದವರು ಬಿಳಿ ಶರ್ಟಿನ ಮುದುಕರೊಬ್ಬರು.

ನಾವು ಗೆಲ್ಲಲಿಲ್ಲ. ಮೊದಲ ಸುತ್ತಿನಲ್ಲಿ ಎಲ್ಲ ದಿಮ್ಮಿಗಳನ್ನೂ ಬೀಳಿಸಿದೆವು. ಎರಡನೆಯದರಲ್ಲಿ ಇಳಿಜಾರಿನ ನಡುವೆ ಒಂದು ವೈರು ಕಿತ್ತುಬಂದು ರೋಬೋಟ್ ಹಟ ಹಿಡಿದ ಎಮ್ಮೆಯಂತೆ ನಿಂತುಬಿಟ್ಟಿತು. ಆದರೂ ಮರಳಿ ಬರುವ ರೈಲಿನಲ್ಲಿ ನಮ್ಮದೇ ಗದ್ದಲ. ಚಾಚಾ ಮಿರ್ಚಿ ಭಜಿ ಕೊಡಿಸಿದರು. ಡಬ್ಬಿಯಲ್ಲಿದ್ದವರನ್ನೆಲ್ಲ ಕರೆದು, "ಎತ್ತಿ ನೋಡ್ರಿ, ಎಷ್ಟ್ ಹಗುರ ಅದ ನೋಡ್ರಿ! ಈ ಹುಡಿಗ್ಯಾರು ಮಾಡ್ಯಾರ" ಎಂದು ಒಬ್ಬೊಬ್ಬರ ಕೈಗೂ ರೋಬೋಟನ್ನು ಕೊಟ್ಟರು.

ಆಮೇಲೆ ಓದು ಮುಗಿಯಿತು, ಹುಬ್ಬಳ್ಳಿಯ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಅಪ್ಪ ಅಮ್ಮನೂ ನನ್ನೊಂದಿಗೆ ಊರು ಬಿಟ್ಟು ಬಂದರು. ಹೋಗಿ ನೋಡಿ ಬರಬೇಕು ಅಂದುಕೊಂಡದ್ದೇ ಬಂತು... ಚಾಚಾ ತೀರಿಕೊಂಡ ಸುದ್ದಿಯನ್ನು ವಾಡಿಯವಳು ಹೇಳಿದಾಗ ಅವರು ಹೋಗಿ ಆಗಲೇ ವರ್ಷ ಕಳೆದಿತ್ತು.

ಮೊನ್ನೆ ಭಾನುವಾರ ಕಡೆಗೂ ಶಹಾಬಾದಿಗೆ ಹೋದೆ. ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಮಾರುತ್ತಾರೆ. ಹಿಂದಿನ ಮನೆಯಲ್ಲಿ ಚಾಚಿ ಇದ್ದಾರೆ. ಗುರುತು ಹಿಡಿದು, ಕೂರಿಸಿ ಚಹಾ ಕೊಟ್ಟರು. ಆಮೇಲೆ ಹತ್ತಿರ ಸರಿದು ಕೇಳಿದರು:

"ಬಂದ ಗಿರಾಕಿಗೆಲ್ಲ ಹೇಳ್ತಿದ್ರವ್ವಾ, ನಮ್ಮ ಹುಡಿಗ್ಯಾರ ಮಷೀನ್ ಗುಲ್ಬರ್ಗಾದಾಗ ಫಸ್ಟ್ ಬಂತು ಅಂತ. ಖರೇನೇ ಬಂದಿತ್ತೇನು?"

"ಖರೇ, ಚಾಚಿ. ಫಸ್ಟೇ ಬಂದಿತ್ತು."

ಅವರು ನಕ್ಕರು, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಅದೇ ಮಾತನ್ನು ಚಾಚಾ ಇದ್ದಾಗಲೇ ಬಂದು, ಅವರ ಗಿರಾಕಿಗಳ ಎದುರಿಗೆ, ಅವರ ಕಿವಿಗೆ ಕೇಳಿಸುವಷ್ಟು ಜೋರಾಗಿ ಒಮ್ಮೆ ಹೇಳಬಹುದಿತ್ತು... ನಾನು ಬರಲಿಲ್ಲ.