ಹಿಂದಿನಿಂದ ಕರೆದ ಮಿಸ್

ಕಳೆದ ತಿಂಗಳು ಮಗಳ ಶಾಲೆಗೆ ಹೋಗಿದ್ದೆ. ಮೆರವಣಿಗೆಗೆಂದು ಬಂದಿದ್ದ ತಮಟೆಯವರು ಗೇಟಿನ ಪಕ್ಕ ಹಳೇ ಪೇಪರಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರು. ಬಿಸಿಯಾದ ಚರ್ಮದ ವಾಸನೆ ಹೊಗೆಯ ಜೊತೆ ಮೂಗಿಗೆ ಬಡಿಯಿತು. ಅಷ್ಟೇ... ನಾನು ದೊಡ್ಡಬಳ್ಳಾಪುರದ ನಮ್ಮ ಪ್ರೌಢಶಾಲೆಯ ಹಿತ್ತಲಿನಲ್ಲಿದ್ದೆ. ಅಲ್ಲಿ ಸಂಗೀತದ ಮಿಸ್ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಂಜಿಗೆ ಮೆತ್ತಗಾದ ಶಾಲೆಯ ದೊಡ್ಡ ಡ್ರಮ್ಮನ್ನು ಕಾಗದದ ಉರಿಗೆ ತೋರಿಸುತ್ತಿದ್ದರು.

ಅವರು ವಾರಕ್ಕೆ ಮೂರು ದಿನ ಬೆಂಗಳೂರಿನಿಂದ ರೈಲಿನಲ್ಲಿ ಬರುತ್ತಿದ್ದರು. ಕಾಯಂ ಶಿಕ್ಷಕಿಯಲ್ಲ. ಸ್ಟಾಫ್ ರೂಮಿನಲ್ಲಿ ಅವರಿಗೆಂದು ಒಂದು ಕುರ್ಚಿಯೂ ಇರಲಿಲ್ಲ, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರುತ್ತಿದ್ದರು. ಕೋಪ ಮೂಗಿನ ತುದಿಯಲ್ಲಿ. ಶ್ರುತಿ ತಪ್ಪಿದವರ ಮೇಲೆ ಸೀಮೆಸುಣ್ಣ ಎಸೆಯುತ್ತಿದ್ದರು, ಗುರಿ ಮಾತ್ರ ಯಾವತ್ತೂ ತಪ್ಪುತ್ತಿರಲಿಲ್ಲ.

ನಮ್ಮ ಶಾಲೆಯಲ್ಲಿ ಆಟಕ್ಕೆ ಒಂದು ತಂಡ, ಬ್ಯಾಂಡಿಗೆ ಒಂದು ತಂಡ ಇದ್ದವು. ಓದಿನಲ್ಲಿ ಹಿಂದುಳಿದವರಿಗೆ ಬೆಳಿಗ್ಗೆ ಎಂಟಕ್ಕೆ ವಿಶೇಷ ತರಗತಿ. ಮಕ್ಕಳ ಬಾಯಲ್ಲಿ ಅದು ‘ದಡ್ಡರ ಕ್ಲಾಸು’. ಅದಕ್ಕೆ ಸೇರಿದವರು ಆಟಕ್ಕೂ ಇಲ್ಲ, ಬ್ಯಾಂಡಿಗೂ ಇಲ್ಲ. ಒಂಬತ್ತನೇ ತರಗತಿಯಲ್ಲಿ ನಾನು ಆ ಕ್ಲಾಸಿನ ಮೊದಲನೇ ಹೆಸರು. ಗಣಿತದ ಮೇಷ್ಟ್ರು ಕೇಳಿದ್ದೇ ಒಂದು, ನಾನು ಹೇಳುತ್ತಿದ್ದದ್ದೇ ಇನ್ನೊಂದು. ನಾನು ದಡ್ಡಿ ಎಂದು ಎಲ್ಲರೂ ಒಪ್ಪಿದ್ದರು, ನಾನೂ ಒಪ್ಪಿದ್ದೆ.

ಒಂದು ದಿನ ಇಡೀ ತರಗತಿಗೆ ಸಮೂಹಗೀತೆ ಹೇಳಿಕೊಡುತ್ತಿದ್ದಾಗ ಮಿಸ್ ಕೈಯಲ್ಲಿದ್ದ ಪುಸ್ತಕ ಅವರ ಮುಖಕ್ಕೆ ಅಡ್ಡ ಬಂತು. ನಾನು ಹಾಡುವುದನ್ನು ನಿಲ್ಲಿಸಿದೆ. ಪುಸ್ತಕ ಇಳಿಯಿತು, ಮತ್ತೆ ಹಾಡಿದೆ. ಅವರು ಇನ್ನೊಮ್ಮೆ ಪುಸ್ತಕ ಎತ್ತಿದರು. ನಾನು ಮತ್ತೆ ನಿಲ್ಲಿಸಿದೆ. ಬೆಲ್ ಹೊಡೆದ ಮೇಲೆ ನನ್ನೊಬ್ಬಳನ್ನೇ ಉಳಿಸಿಕೊಂಡು, ಕಿಟಕಿಯಾಚೆ ಸೀಬೆ ಮರ ನೋಡುತ್ತಾ ನಿಲ್ಲಲು ಹೇಳಿದರು. ನಿಂತೆ. ಎಷ್ಟೋ ಹೊತ್ತಿನ ಮೇಲೆ ಎದೆಯೊಳಗೆ ‘ಧಂ’ ಎಂದಂತಾಯಿತು. ಬೆಚ್ಚಿ ತಿರುಗಿದೆ. ಮಿಸ್ ದೊಡ್ಡ ಡ್ರಮ್ಮಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

“ಮೂರು ಸಲ ಕರೆದೆ ಕಣಮ್ಮಾ.”

“ತಪ್ಪಾಯ್ತು ಮಿಸ್,” ಎಂದು ಕೈ ಕಟ್ಟಿಕೊಂಡೆ. ಏಟು ಬೀಳುತ್ತದೆ ಎಂದುಕೊಂಡಿದ್ದೆ.

“ತಪ್ಪು ನಿಂದಲ್ಲ. ನಿಂಗೆ ಕೇಳಿಸ್ಲೇ ಇಲ್ಲ,” ಎಂದರು.

ಇಷ್ಟು ವರ್ಷ ಇದು ಮನೆಯಲ್ಲಿ ಯಾರಿಗೂ ಹೇಗೆ ತಿಳಿಯಲಿಲ್ಲ ಎಂದು ಜನ ಈಗ ಕೇಳುತ್ತಾರೆ. ನಮ್ಮದು ನೇಕಾರರ ಮನೆ. ನಡುಮನೆಯಲ್ಲೇ ಎರಡು ಪವರ್‌ಲೂಮ್ ಮಗ್ಗ, ಕರೆಂಟು ಇರುವಷ್ಟು ಹೊತ್ತೂ ಓಡುತ್ತಿದ್ದವು. ಆ ಸದ್ದಿನಲ್ಲಿ ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ತುಟಿ ನೋಡಿ, ಕೈಸನ್ನೆ ನೋಡಿಯೇ ಮಾತಾಡುವುದು. ನಾನೂ ಹಾಗೇ ಮಾತಾಡುತ್ತಿದ್ದೆ. ಅಂಥ ಮನೆಯಲ್ಲಿ ಒಬ್ಬಳಿಗೆ ಕೇಳಿಸುತ್ತಿಲ್ಲ ಎಂದು ಯಾರು ಕಂಡುಹಿಡಿಯಬೇಕು?

ಆ ಶನಿವಾರವೇ ಮಿಸ್ ನಮ್ಮ ಮನೆಗೆ ಬಂದರು. ಯಾರೇ ಬಂದರೂ ನಿಲ್ಲದ ಮಗ್ಗವನ್ನು ಅಪ್ಪ ಅಂದು ನಿಲ್ಲಿಸಿದರು. ವಿಷಯ ತಿಳಿದ ಮೇಲೆ ಅವರಿಗೆ ಸಿಟ್ಟೇ ಬಂತು.

“ಕಿವುಡಿ ಅಂತ ಊರಿಗೆಲ್ಲಾ ಗೊತ್ತಾದ್ರೆ ನಾಳೆ ಯಾರು ಮೇಡಂ ಮದ್ವೆ ಆಗ್ತಾರೆ ಇವಳ್ನ?”

“ದಡ್ಡಿ ಅಂತ ಊರಿಗೆಲ್ಲಾ ಗೊತ್ತಾಗಿದೆಯಲ್ಲಪ್ಪಾ, ಅದು ಪರ್ವಾಗಿಲ್ವಾ?”

ಅಪ್ಪ ಮಗ್ಗದ ಕಡೆ ತಿರುಗಿ ಕಡಿದ ಎಳೆ ಕಟ್ಟತೊಡಗಿದರು. ಅಮ್ಮ ಮಾತ್ರ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಯಾವತ್ತು ಆಸ್ಪತ್ರೆಗೆ ಹೋಗ್ಬೇಕು ಹೇಳಿ, ನಾನು ಬರ್ತೀನಿ,” ಎಂದಳು. ಮುಂದಿನ ವಾರ ಅಮ್ಮ, ಮಿಸ್, ನಾನು ಮೂವರೂ ರೈಲಿನಲ್ಲಿ ಬೆಂಗಳೂರಿಗೆ ಹೋದೆವು. ಸಣ್ಣ ದನಿ, ಮೇಲಿನ ದನಿ ನನಗೆ ಕೇಳುವುದಿಲ್ಲ, ದಪ್ಪ ಸದ್ದು ಕೇಳುತ್ತದೆ, ಕಿವಿಗೆ ಮಿಷನ್ ಹಾಕಬೇಕು ಎಂದರು ಡಾಕ್ಟರು. ಅಷ್ಟು ದುಡ್ಡಿಲ್ಲದೆ ಮಿಷನ್ನಿನ ಮಾತು ಮಾತಾಗಿಯೇ ಉಳಿಯಿತು.

ಆದರೆ ಮಿಸ್ ಸುಮ್ಮನಿರಲಿಲ್ಲ. ಒಬ್ಬೊಬ್ಬರಾಗಿ ಎಲ್ಲ ಶಿಕ್ಷಕರನ್ನೂ ಕಂಡು, ನನ್ನನ್ನು ಮುಂದಿನ ಬೆಂಚಿಗೆ ಕೂರಿಸಿ, ಬೋರ್ಡಿನ ಕಡೆ ತಿರುಗಿ ಪಾಠ ಮಾಡಬೇಡಿ ಎಂದು ಕೇಳಿಕೊಂಡರು. “ಪಾಠ ಅರವತ್ತು ಮಕ್ಕಳಿಗೋ, ಒಬ್ಬಳಿಗೋ?” ಎಂದು ಗಣಿತದ ಮೇಷ್ಟ್ರು ರೇಗಿದರಂತೆ. ಸ್ಟೂಲಿನ ಮೇಲೆ ಕೂರುವವರು ಆ ಮಾತಿಗೆ ಏನು ಹೇಳಿದರೋ ನನಗೆ ತಿಳಿಯದು. ಸೋಮವಾರ ಮೇಷ್ಟ್ರು ಲೆಕ್ಕ ಬರೆದು ಮುಗಿಸಿ, ನಮ್ಮ ಕಡೆ ತಿರುಗಿ, ಆಮೇಲೆ ಬಾಯಿ ತೆರೆದರು. ವರ್ಷವಿಡೀ ಹಾಗೆಯೇ ಮಾಡಿದರು.

ಹತ್ತನೇ ತರಗತಿಗೆ ಬಂದಾಗ ದಡ್ಡರ ಕ್ಲಾಸಿನ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಮಿಸ್ ದೊಡ್ಡ ಡ್ರಮ್ಮನ್ನು ನನ್ನ ಕೊರಳಿಗೆ ಹಾಕಿದರು. “ಕಿವಿ ಕೇಳದವಳ ಕೈಗೆ ಡ್ರಮ್ಮಾ!” ಎಂದು ಪಿಟಿ ಮೇಷ್ಟ್ರು ನಕ್ಕರು. “ಹೊಟ್ಟೆಗೆ ಕೇಳುತ್ತೆ ಬಿಡಿ ಸಾರ್,” ಎಂದರು ಮಿಸ್. ನಿಜಕ್ಕೂ ಹಾಗೆಯೇ ಇತ್ತು. ಪ್ರತಿ ಪೆಟ್ಟೂ ಹೊಟ್ಟೆಗೆ ತಾಗಿ ಎದೆಗೆ ಏರುತ್ತಿತ್ತು.

ತಾಲ್ಲೂಕು ಕ್ರೀಡಾಕೂಟದ ದಿನ ನಮ್ಮ ಬ್ಯಾಂಡು ಮೈದಾನದ ಅರ್ಧ ದಾಟಿತ್ತು. ಇದ್ದಕ್ಕಿದ್ದಂತೆ ಯಾರೋ ಮೈಕಿನಲ್ಲಿ ಸಿನಿಮಾ ಹಾಡು ಹಾಕಿಬಿಟ್ಟರಂತೆ. ನನ್ನ ಅಕ್ಕಪಕ್ಕದವರ ಹೆಜ್ಜೆ ಕಲಸಿಹೋಯಿತು, ಕೊಳಲಿನವರು ನಿಲ್ಲಿಸಿಯೇಬಿಟ್ಟರು. ಏನಾಯಿತೆಂದು ನನಗೆ ತಿಳಿಯಲಿಲ್ಲ. ಮಿಸ್ ಸಾಲಿನ ಪಕ್ಕ ನಮ್ಮ ಕಡೆ ಮುಖ ಮಾಡಿ ಹಿಂದಹಿಂದಕ್ಕೆ ನಡೆಯುತ್ತಾ ಕೈ ಎತ್ತಿ ಇಳಿಸುತ್ತಿದ್ದರು. ನಾನು ಆ ಕೈ ಬಿಟ್ಟು ಬೇರೇನನ್ನೂ ನೋಡದೆ ಬಾರಿಸಿದೆ. ಹತ್ತು ಹೆಜ್ಜೆಯೊಳಗೆ ಎಲ್ಲರ ಕಾಲೂ ನನ್ನ ಪೆಟ್ಟಿಗೆ ಕೂಡಿಕೊಂಡವು. ಬಹುಮಾನ ಬೇರೆ ಶಾಲೆಗೆ ಹೋಯಿತು. ಮಿಸ್ ಮಾತ್ರ ಎಲ್ಲರ ಎದುರಿಗೇ ನನ್ನ ಎರಡೂ ಕೈ ಹಿಡಿದುಕೊಂಡು ಏನೋ ಹೇಳಿದರು. ಅಳುತ್ತಿದ್ದುದರಿಂದ ತುಟಿ ಅಲುಗುತ್ತಿತ್ತು, ನನಗೆ ಓದಲಾಗಲಿಲ್ಲ...

ಆ ವರ್ಷ ಎಲ್ಲ ವಿಷಯದಲ್ಲೂ ಪಾಸಾದೆ. ಮರುವರ್ಷ ಶಾಲೆಯವರು ಸಂಗೀತದ ತರಗತಿಯನ್ನೇ ಕೈಬಿಟ್ಟರು, ಮಿಸ್ ಬರುವುದು ನಿಂತಿತು. ನಾನು ಪಿಯುಸಿ, ಡಿಗ್ರಿ ಮುಗಿಸಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾದೆ. ಮಿಷನ್ ಕೊಂಡದ್ದು ಕೆಲಸ ಸಿಕ್ಕ ಮೇಲೆ. ಅಮ್ಮ ಮಾತಿನ ನಡುವೆ ಸಣ್ಣಗೆ ನಿಟ್ಟುಸಿರು ಬಿಡುತ್ತಾಳೆ ಎಂಬುದು ಅವತ್ತು ಗೊತ್ತಾಯಿತು. ಮಿಸ್ಸನ್ನು ಹುಡುಕಿಕೊಂಡು ಹೋಗಬೇಕು ಎಂದು ಅವತ್ತೇ ಅಂದುಕೊಂಡೆ. ಆಮೇಲೆ ಮದುವೆ, ಮಗಳು, ವರ್ಗಾವಣೆ...

ಮೊನ್ನೆ ಹಳೆಯ ಗೆಳತಿಯೊಬ್ಬಳಿಗೆ ಫೋನ್ ಮಾಡಿದೆ. ಬ್ಯಾಂಡಿನಲ್ಲಿ ಕೊಳಲು ಊದುತ್ತಿದ್ದವಳು. ಮಿಸ್ ತೀರಿಕೊಂಡು ಎರಡು ವರ್ಷವಾಯಿತು ಎಂದಳು. ಆಮೇಲೆ ಕೇಳಿದೆ, “ಅವ್ರ ದನಿ ಹೇಗಿತ್ತೇ?”

“ಅಯ್ಯೋ, ಎರಡು ವರ್ಷ ಅವ್ರ ಮುಂದೇನೇ ಇದ್ದೆಯಲ್ಲೇ!” ಎಂದವಳು ತಕ್ಷಣ ಮಾತು ತಡೆದಳು. ಯೋಚಿಸಿ ಹೇಳಿದಳು: “ಸ್ವಲ್ಪ ಒಡಕು ದನಿ ಕಣೇ. ಆದ್ರೆ ಮೇಲಿನ ಸ್ವರಕ್ಕೆ ಹೋದಾಗ... ತುಂಬಾ ಚೆನ್ನಾಗಿರ್ತಿತ್ತು.”

ಮೇಲಿನ ಸ್ವರ ನನಗೆ ಕೇಳುತ್ತಿರಲಿಲ್ಲ. ಆ ಸ್ವರಕ್ಕೆ ಅವರ ಹುಬ್ಬು ಏರುತ್ತಿದ್ದದ್ದು, ಬಾಯಿ ದುಂಡಗಾಗುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಮಿಷನ್ ಬಂದ ಮೇಲೆ ಒಂದು ಭಾನುವಾರ ಹೋಗಿ ಎದುರು ಕೂತು, “ಮಿಸ್, ಒಂದು ಹಾಡು ಹೇಳಿ,” ಎಂದಿದ್ದರೆ ಹಾಡುತ್ತಿದ್ದರು.

ಹೋಗಲಿಲ್ಲ.