ತಡೆಗೋಡೆಯ ಈಚೆ ಕೇಳಿದ ದನಿ

ನಂಬಿ ಎಂದು ನಾನು ಯಾರ ಕಾಲಿಗೂ ಬೀಳುವುದಿಲ್ಲ. ಮೆಲ್ಕಾರಿನಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡು, ದೆವ್ವದ ಕಥೆ ಹೇಳುವವರನ್ನು ಗೇಲಿ ಮಾಡುತ್ತಲೇ ಬಂದ ಮನುಷ್ಯ ನಾನು. ಆದರೆ ಆ ರಾತ್ರಿ ಕೇಳಿದ್ದು ಕೇಳಿದ್ದೇ.

ಪಾಣೆಮಂಗಳೂರಿನ ಹತ್ತಿರ, ನೇತ್ರಾವತಿಗೆ ಸೇರುವ ತೋಡಿನ ದಡದಲ್ಲಿ ನಮ್ಮ ಮನೆ. ಎದುರು ದಡದಲ್ಲಿ ಖತೀಜಕ್ಕನದು. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಗಂಡನನ್ನು ಅವರೊಬ್ಬರೇ ನೋಡಿಕೊಳ್ಳುತ್ತಾರೆ. ಮೊದಲೆಲ್ಲ ನದಿ ತುಂಬಿದರೆ ತೋಡಿನ ನೀರು ಮುಂದೆ ಹೋಗಲಾಗದೆ ಎರಡೂ ಅಂಗಳಕ್ಕೆ ಹರಡುತ್ತಿತ್ತು. ಅಂಥ ರಾತ್ರಿ ಕರೆಂಟಿಲ್ಲ, ಫೋನಿಲ್ಲ. ಒಬ್ಬರು ಟಾರ್ಚ್ ಬೀಸಿ ಕೂಗುವುದು: "ನಿಮ್ಮಲ್ಲಿ ನೀರು ಬಂತಾ?" ಉತ್ತರ ಕೊಟ್ಟವರು ತಿರುಗಿ ಅದನ್ನೇ ಕೇಳುವುದು. ನಮ್ಮೆರಡು ಮನೆಗಳ ರೂಢಿ ಅದು.

ಆಮೇಲೆ ನಮ್ಮ ದಡಕ್ಕೆ ಮಾತ್ರ ತಡೆಗೋಡೆ ಬಂತು. ಓಡಾಡಿ ಮಾಡಿಸಿಕೊಂಡವನು ನಾನೇ. ಇಲ್ಲಿ ಹರಡಬೇಕಾದ ನೀರೆಲ್ಲ ಆಚೆಗೆ ತಿರುಗಿತು. ವರ್ಷ ಹೋದಂತೆ ಅವರ ದಡ ಕುಸಿದು ಕುಸಿದು ತೋಡು ಅವರ ಮನೆಯ ಹತ್ತಿರಕ್ಕೇ ಬಂತು. ನನಗೆ ಕಾಣುತ್ತಿತ್ತು. ಕಾಣದವನ ಹಾಗೆ ಇದ್ದೆ.

ಕಳೆದ ಮಳೆಗಾಲದ ಒಂದು ರಾತ್ರಿ... ಸುರಿಯುತ್ತಿದ್ದ ಮಳೆ ಒಮ್ಮೆಲೇ ನಿಂತಿತು. ಕೋಣೆಯ ತುಂಬ ಹಸಿ ಕೆಸರಿನ ವಾಸನೆ. ಎಚ್ಚರವಾಯಿತು.

"ಶೇಖರಣ್ಣಾ... ನಿಮ್ಮಲ್ಲಿ ನೀರು ಬಂತಾ?"

ಖತೀಜಕ್ಕನ ದನಿಯೇ. ಆದರೆ ಆಚೆ ದಡದಿಂದ ಬಂದದ್ದಲ್ಲ. ಗೋಡೆಯ ಈಚೆ, ನಮ್ಮ ಕಿಟಕಿಯ ಬುಡದಿಂದ, ಮೆಲ್ಲಗೆ...

"ಇಲ್ಲ ಖತೀಜಕ್ಕ, ಬರಲಿಲ್ಲ" ಎಂದುಬಿಟ್ಟೆ.

ಹೊರಗೆ ಯಾರೋ ಉಸಿರಾಡುತ್ತ ಕಾಯುತ್ತಿದ್ದರು. ನಾನು ತಿರುಗಿ ಕೇಳಬೇಕಿತ್ತು. ಕೇಳಿದರೆ 'ಬಂತು' ಎನ್ನುತ್ತಾರೆಂದು ಗೊತ್ತಿತ್ತು. ಹಾಗೆಂದರೆ ಎದ್ದು, ಸೇತುವೆ ಸುತ್ತಿಕೊಂಡು ಆಚೆ ದಡಕ್ಕೆ ನೆರವಿಗೆ ಹೋಗಬೇಕು. ಸುಮ್ಮನೆ ಹೊದಿಕೆ ಎಳೆದುಕೊಂಡೆ.

"ಯಾರೊಟ್ಟಿಗೆ ಮಾತಾಡುವುದು ನೀವು?" ಹೆಂಡತಿ ಪಿಸುಗುಟ್ಟಿದಳು.

"ಖತೀಜಕ್ಕ ಕರೆದದ್ದು ಕೇಳಲಿಲ್ವಾ?"

"ನಿಮ್ಮ ಸ್ವರ ಮಾತ್ರ ಕೇಳಿತು ಮಾರಾಯ್ರೆ..."

ಬೆಳಿಗ್ಗೆ ನೀರಿಳಿದ ಮೇಲೆ ಹೋದೆ. ಅವರ ಮನೆಯೊಳಗೆ ಸೊಂಟದ ಮಟ್ಟಕ್ಕೆ ಕೆಸರಿನ ಗುರುತು. ಮಂಚದ ಮೇಲೆ ಬೆಂಚು, ಬೆಂಚಿನ ಮೇಲೆ ಗಂಡ. ಅವರು ಉರುಳಿ ಬೀಳದ ಹಾಗೆ ಹಿಡಿದುಕೊಂಡು ಖತೀಜಕ್ಕ ರಾತ್ರಿಯಿಡೀ ನೀರಿನಲ್ಲಿ ನಿಂತಿದ್ದರಂತೆ.

"ನೀವು ಕರೆದಾಗ ನಾನು..." ಎಂದು ಶುರು ಮಾಡಿದೆ.

ಅವರು ಆಶ್ಚರ್ಯದಿಂದ ನೋಡಿದರು. "ನಾನು ಕರೆಯಲೇ ಇಲ್ಲ ಶೇಖರಣ್ಣ. ನಿಮಗೆ ಈಗ ಗೋಡೆ ಉಂಟಲ್ಲ... ಮಲಗಿದವರನ್ನು ಎಬ್ಬಿಸುವುದು ಯಾಕೆ ಅಂತ ಸುಮ್ಮನಾದೆ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಎಷ್ಟೋ ಒಳ್ಳೆಯದಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಹಾಗಾದರೆ ಕಿಟಕಿಯ ಬುಡದಲ್ಲಿ ನಿಂತು ಕೇಳಿದ್ದು ಯಾರು? ಇವತ್ತಿಗೂ ತಿಳಿದಿಲ್ಲ. ಮಳೆ ಜೋರಾದ ರಾತ್ರಿ ಈಗ ಆ ಕಿಟಕಿ ಮುಚ್ಚಿಯೇ ಮಲಗುತ್ತೇನೆ. ನನಗೆ ದೆವ್ವದ ಹೆದರಿಕೆ ಹಿಡಿದಿದೆ ಎಂದು ಹೆಂಡತಿ ತಿಳಿದುಕೊಂಡಿದ್ದಾಳೆ. ತಿಳಿದುಕೊಳ್ಳಲಿ ಎಂದು ಸುಮ್ಮನಿದ್ದೇನೆ...